ಕಿಲುಬಿನ ಸಾಕ್ಷಿ

ಹುಬ್ಬಳ್ಳಿಯ ದುರ್ಗದ ಬೈಲಿನ ಆಸುಪಾಸಿನಲ್ಲಿ ಕಂಚಗಾರ ಗಲ್ಲಿ ಇದೆ. ಅಂಥ ಪೇಟೆಗೆ ಹಳೆಯ ಗಂಗಾಳವನ್ನೋ ಚರಗಿಯನ್ನೋ ಮಾರಲು ಒಯ್ದರೆ ಅದು ಮೊದಲು ಏರುವುದು ತಕ್ಕಡಿಯನ್ನು. ತಾಮ್ರಕ್ಕೆ ಇಷ್ಟು, ಹಿತ್ತಾಳೆಗೆ ಇಷ್ಟು, ಕಂಚಿಗೆ ಇಷ್ಟು ಎಂದು ಕಿಲೋ ಲೆಕ್ಕದ ದರ. ಅಜ್ಜಿಯ ತವರಿನಿಂದ ಬಂದದ್ದು ಎಂದರೂ, ಮುತ್ತಜ್ಜನ ಕಾಲದ್ದು ಎಂದರೂ ಆ ದರ ಒಂದು ಪೈಸೆ ಮೇಲೇಳುವುದಿಲ್ಲ. ಮೂಲೆ ತಗ್ಗಿದ್ದರೆ, ಕಿಲುಬು ಹಿಡಿದಿದ್ದರೆ ಇನ್ನಷ್ಟು ಇಳಿದೀತು.

2018ರ ಏಪ್ರಿಲ್ 11ರಂದು ಇಂಗ್ಲೆಂಡಿನ ಕೆಂಟ್ ಸೀಮೆಯ ಕ್ಯಾಂಟರ್ಬರಿಯಲ್ಲಿ ಒಂದು ಕಂಚಿನ ಪಾತ್ರೆ ಲಿಲಾವಿಗೆ ಬಂತು. ಎತ್ತರ 26 ಸೆಂ.ಮೀ. ನಮ್ಮ ಗಿಂಡಿಯಂತೆ ಕೊಳವೆ ಇರುವ ಪಾತ್ರೆ. ಮುಚ್ಚಳದ ಮೇಲೊಂದು ಹುಲಿ, ಕೊಳವೆಯ ಮೇಲೊಂದು ಹುಲಿ. ಕ್ರಿ.ಪೂ. 1046ರಿಂದ 771ರವರೆಗೆ ಚೀನಾವನ್ನು ಆಳಿದ ಪಶ್ಚಿಮ ಝೌ ಅರಸರ ಕಾಲದ ಪೂಜಾಪಾತ್ರೆ ಅದು. ಮುಚ್ಚಳದ ಒಳಮೈಯಲ್ಲಿ ಎರಕದಲ್ಲೇ ಮೂಡಿಸಿದ ಬರಹವಿದ್ದು, ಅದರಲ್ಲಿ ಪಾತ್ರೆ ತನ್ನ ಜಾತಿಯನ್ನು ‘ಯಿಂಗ್’ ಎಂದು ತಾನೇ ಹೇಳಿಕೊಂಡಿದೆ. ಈ ಜಾತಿಯ ಪಾತ್ರೆಗಳು ಜಗತ್ತಿನಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. 1,20,000ದಿಂದ 2,00,000 ಪೌಂಡ್ ಬಂದೀತೆಂಬ ಅಂದಾಜಿತ್ತು. ಸವಾಲು ಏರುತ್ತ ಹೋಗಿ 4,10,000 ಪೌಂಡಿಗೆ ನಿಂತಿತು.

ನಮ್ಮ ಕಂಚಿನ ಗಂಗಾಳದಲ್ಲಿರುವುದು ತಾಮ್ರ ಮತ್ತು ತವರ. ಯಿಂಗ್ ಪಾತ್ರೆಯ ಕಾಲದ ಚೀನೀ ಕಂಚಿನಲ್ಲಿರುವುದೂ ತಾಮ್ರ, ತವರ, ಜೊತೆಗೆ ಒಂದಿಷ್ಟು ಸೀಸ. ಕರಗಿಸಿದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಗುಜರಿ ದರ. ಹಾಗಾದರೆ ಕ್ಯಾಂಟರ್ಬರಿಯಲ್ಲಿ ಕೊಂಡವರು ಹಣ ಕೊಟ್ಟದ್ದು ಲೋಹಕ್ಕಲ್ಲ. ಯಾವಾಗ ಮಾಡಿದ್ದು, ಹೇಗೆ ಮಾಡಿದ್ದು, ಎಲ್ಲಿಯ ಅದಿರು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಮಾಹಿತಿಗೆ. ಆ ಮಾಹಿತಿಯಲ್ಲಿ ಒಂದು ಪಾಲು ಲೋಹದ ಒಳಗೇ ಇರುತ್ತದೆ, ಒಂದು ಪಾಲು ಅದರ ಮೈಗಂಟಿದ ಕೊಳೆಯಲ್ಲಿ, ಇನ್ನೊಂದು ಪಾಲು ಅದು ಸಿಕ್ಕ ಮಣ್ಣಿನಲ್ಲಿ. ಮೂರನ್ನೂ ಓದಲು ಬೇರೆ ಬೇರೆ ವಿದ್ಯೆಗಳು ಬೇಕು. ಈ ಅಧ್ಯಾಯ ಆ ಓದಿನ ಬಗ್ಗೆ.

ತವರದ ಪಾಲು

ಶುದ್ಧ ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತವರ 232 ಡಿಗ್ರಿಯಲ್ಲಿ. ಎರಡನ್ನೂ ಬೆರೆಸಿದರೆ ಕರಗುವ ಬಿಸಿ ತಾಮ್ರದ್ದಕ್ಕಿಂತ ಕೆಳಗಿಳಿಯುತ್ತದೆ. ನೂರರಲ್ಲಿ ಇಪ್ಪತ್ತು ಪಾಲು ತವರವಿದ್ದರೆ 800 ಡಿಗ್ರಿಯ ಹೊತ್ತಿಗೆ ಕರಗಲು ಶುರುವಾಗಿ 900 ಡಿಗ್ರಿಯೊಳಗೆ ಪೂರ್ತಿ ನೀರಾಗುತ್ತದೆ. ಇದ್ದಲು ಮತ್ತು ತಿದಿಯನ್ನೇ ನಂಬಿದ್ದ ಕುಲುಮೆಗೆ ಈ ಇನ್ನೂರು ಡಿಗ್ರಿಯ ರಿಯಾಯಿತಿ ಸಣ್ಣದಲ್ಲ. ಮೇಲಾಗಿ, ಬರೀ ತಾಮ್ರ ಎರಕದಲ್ಲಿ ಅನಿಲ ಹೀರಿಕೊಂಡು ಗುಳ್ಳೆ ಗುಳ್ಳೆಯಾಗುತ್ತದೆ; ಕಂಚು ಅಚ್ಚಿನ ಮೂಲೆಮೂಲೆಗೂ ಹರಿದು ಗಟ್ಟಿಯಾಗಿ ಕೂರುತ್ತದೆ.

ಚೀನೀ ಎರಕದವರು ಇದಕ್ಕೆ ಸೀಸವನ್ನೂ ಸೇರಿಸಿದರು. ತಣ್ಣಗಾದ ಕಂಚಿನಲ್ಲಿ ಸೀಸ ಬೆರೆಯುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಸಣ್ಣ ಗುಂಡುಗಳಾಗಿ ಬೇರೆಯೇ ಕಾಣುತ್ತದೆ. ಆದರೆ ಕರಗಿದ ಸ್ಥಿತಿಯಲ್ಲಿ ಅದು ಲೋಹದ ಹರಿವನ್ನು ಹಗುರಗೊಳಿಸಿ, ಕೂದಲೆಳೆಯಷ್ಟು ನವಿರಾದ ಚಿತ್ತಾರವನ್ನೂ ತುಂಬಲು ನೆರವಾಗುತ್ತದೆ. 1939ರಲ್ಲಿ ಅನ್ಯಾಂಗ್ ಊರಿನ ಹತ್ತಿರ ಹಳ್ಳಿಗರಿಗೆ ಸಿಕ್ಕ ‘ಹೌಮುವು ಡಿಂಗ್’ ಎಂಬ ನಾಲ್ಕು ಕಾಲಿನ ಮಹಾಪಾತ್ರೆಯ ತೂಕ 832.84 ಕಿಲೋ. ಅದರಲ್ಲಿ ತಾಮ್ರ ಶೇ. 84.77, ತವರ ಶೇ. 11.64, ಸೀಸ ಶೇ. 2.79. ಮೂರು ಸಾವಿರ ವರ್ಷಗಳ ಹಿಂದೆ ಇಷ್ಟು ಲೋಹವನ್ನು ಸರದಿಯ ಮೇಲೆ ಕರಗಿಸಿ, ಹರಿವು ಕಡಿಯದಂತೆ ಅಚ್ಚಿಗೆ ಸುರಿಯಲು ಎಷ್ಟು ಮೂಸೆಗಳು, ಎಷ್ಟು ಕೈಗಳು ಬೇಕಾಗಿದ್ದವು ಎಂದು ಊಹಿಸಿ.

ನಮ್ಮ ಕಡೆಯ ಕಂಚುಗಾರರು ಹಿಡಿದ ದಾರಿಯೇ ಬೇರೆ. ಗಂಟೆಗೂ ಜಾಗಟೆಗೂ ಊಟದ ಗಂಗಾಳಕ್ಕೂ ಅವರು ಬಳಸಿದ ಕಂಚಿನಲ್ಲಿ ತವರದ ಪಾಲು ಶೇ. 22ರ ಆಸುಪಾಸು. ತಣ್ಣಗಿರುವಾಗ ಈ ಕಂಚನ್ನು ಬಡಿದರೆ ಗಾಜಿನಂತೆ ಸಿಡಿಯುತ್ತದೆ. ಕೆಂಪಗೆ ಕಾಯಿಸಿ, ಕೆಂಪಿರುವಷ್ಟು ಹೊತ್ತು ಮಾತ್ರ ಬಡಿಯಬೇಕು. ಆರಿದರೆ ಮತ್ತೆ ಕುಲುಮೆಗೆ. ಕೊನೆಗೆ ಕಾದ ಪಾತ್ರೆಯನ್ನು ತಟ್ಟನೆ ನೀರಿಗೆ ಅದ್ದಬೇಕು. ನಿಧಾನ ಆರಲು ಬಿಟ್ಟರೆ ಸುಮಾರು 586 ಡಿಗ್ರಿಯಲ್ಲಿ ಕಂಚಿನ ಒಳರಚನೆ ಒಡೆದು, ಇನ್ನಷ್ಟು ಆರುವಾಗ ಪೆಡಸಾದ ಡೆಲ್ಟಾ ಎಂಬ ಹರಳು ಹುಟ್ಟುತ್ತದೆ. ನೀರಿಗೆ ಅದ್ದಿದಾಗ ಆ ಬದಲಾವಣೆಗೆ ಸಮಯವೇ ಸಿಗುವುದಿಲ್ಲ. ಬಿಸಿಯಲ್ಲಿದ್ದ ಬೀಟಾ ಎಂಬ ರಚನೆ ಸೂಜಿಸೂಜಿಯ ರೂಪದಲ್ಲಿ ಸೆರೆಯಾಗುತ್ತದೆ. ಪಾತ್ರೆ ಗಟ್ಟಿಯೂ ಆಗುತ್ತದೆ, ಬಿದ್ದರೆ ಬೇಗ ಒಡೆಯುವುದೂ ಇಲ್ಲ, ತಟ್ಟಿದರೆ ದನಿ ಬಹಳ ಹೊತ್ತು ನಿಲ್ಲುತ್ತದೆ. ಕಂಚಿನ ಪಾತ್ರೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಕಿವಿಗೊಡುವ ಹಿರಿಯರು ಪರೀಕ್ಷಿಸುತ್ತಿದ್ದದ್ದು ಇದನ್ನೇ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಈ ವಿದ್ಯೆಯ ಬೇರನ್ನು ಹುಡುಕಿದವರಲ್ಲಿ ಮುಖ್ಯರು. ನೀಲಗಿರಿಯ ಬೃಹತ್ ಶಿಲಾ ಸಮಾಧಿಗಳಲ್ಲೂ ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲೂ ಸಿಕ್ಕ ತೆಳುವಾದ ಬಟ್ಟಲುಗಳು ಇದೇ ಬೀಟಾ ಕಂಚಿನವು ಎಂದು ತೋರಿಸಿಕೊಟ್ಟು, ಅದೇ ಕೆಲಸ ನಡೆಯುತ್ತಿದ್ದ ಕೇರಳದ ಕುಲುಮೆಗಳನ್ನೂ ದಾಖಲಿಸಿದರು.

ಎರಕ ಹೊಯ್ದದ್ದೋ ಬಡಿದದ್ದೋ ಎಂದು ತಿಳಿಯಲು ಸಾಸಿವೆ ಗಾತ್ರದ ಚೂರು ಸಾಕು. ಅದನ್ನು ನುಣ್ಣಗೆ ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದ ಅಡಿ ಇಟ್ಟರೆ ಎರಕದ ಲೋಹದಲ್ಲಿ ಜರೀಗಿಡದ ಎಲೆಯಂತೆ ಕವಲೊಡೆದ ಹರಳುಗಳು ಕಾಣುತ್ತವೆ. ಬಡಿದದ್ದಾದರೆ ಕವಲು ಮುರಿದು, ಹೊಸ ಕಣಗಳು ಹುಟ್ಟಿ, ಅವುಗಳಲ್ಲಿ ನೇರ ಗೆರೆಗಳು ಮೂಡಿರುತ್ತವೆ. ಬಡಿದ ಲೋಹವನ್ನು ಎರಕದ ಪಾತ್ರೆ ಎಂದು ಮಾರಲು ಬಂದವರ ಸುಳ್ಳು ಅಲ್ಲಿಗೇ ಮುಗಿಯಿತು.

ಮಣ್ಣಿನ ಅಚ್ಚು, ಮೇಣದ ಅಚ್ಚು

ಎರಕದಲ್ಲೂ ಎರಡು ಪಂಥ. ಚೀನೀಯರು ಮೊದಲು ಮಣ್ಣಿನಲ್ಲಿ ಪಾತ್ರೆಯ ಮಾದರಿ ಮಾಡುತ್ತಿದ್ದರು. ಅದರ ಸುತ್ತ ಹಸಿ ಮಣ್ಣು ಒತ್ತಿ, ತುಸು ಆರಿದ ಮೇಲೆ ಕೊಯ್ದು ಹೋಳುಹೋಳಾಗಿ ಬಿಡಿಸಿಕೊಂಡರೆ ಹೊರ ಅಚ್ಚು ಸಿದ್ಧ. ಬಳಿಕ ಮಾದರಿಯನ್ನೇ ಒಂದಿಷ್ಟು ಹೆರೆದು ಸಣ್ಣದು ಮಾಡಿದರೆ ಅದು ಒಳ ಅಚ್ಚಾಗುತ್ತಿತ್ತು. ಹೆರೆದ ದಪ್ಪವೇ ಮುಂದೆ ಪಾತ್ರೆಯ ದಪ್ಪ. ಒಳ ಅಚ್ಚು, ಹೊರ ಅಚ್ಚು ಒಂದಕ್ಕೊಂದು ತಾಗದಿರಲಿ ಎಂದು ನಡುವೆ ಹಳೆಯ ಕಂಚಿನ ಚೂರುಗಳನ್ನು ಇಡುತ್ತಿದ್ದರು. ಹಳದಿ ನದಿಯ ಬಯಲಿನ ನಯವಾದ ಗಾಳಿಮಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ಹೀಗೆ ಮಾಡಿದ ಪಾತ್ರೆಯಲ್ಲಿ ಹೋಳುಗಳು ಕೂಡಿದ ಜಾಗದಲ್ಲಿ ಸಣ್ಣ ಏಣು ಉಳಿಯುತ್ತದೆ. ಎಕ್ಸ್-ರೇ ಹಿಡಿದರೆ ನಡುವೆ ಇಟ್ಟ ಕಂಚಿನ ಚೂರುಗಳು ಬೇರೆ ಛಾಯೆಯಲ್ಲಿ ಕಾಣುತ್ತವೆ. ಅವು ಚಿತ್ತಾರವನ್ನು ತಪ್ಪಿಸಿ ಖಾಲಿ ಜಾಗ ನೋಡಿ ಇಟ್ಟಂತಿದ್ದರೆ ಪಳಗಿದ ಕೈಯ ಕೆಲಸವೆಂದು ಅರ್ಥ. ಹಿಡಿಕೆ, ಕಾಲುಗಳ ಒಳಗೆ ಸುಟ್ಟ ಮಣ್ಣಿನ ಗಟ್ಟಿ ಹಾಗೇ ಉಳಿದಿರುವುದೂ ಉಂಟು. ಈ ಗಟ್ಟಿ ಮುಂದೆ ನಮ್ಮ ಕೆಲಸಕ್ಕೆ ಬರುತ್ತದೆ.

ಭಾರತದ್ದು ಮೇಣದ ಪಂಥ. ಅದರ ವಿಧಾನವನ್ನು ಬರಹಕ್ಕಿಳಿಸಿದವರಲ್ಲಿ ಒಬ್ಬ ನಮ್ಮವನೇ: ಇಂದಿನ ಬಸವಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಕಲ್ಯಾಣ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ. ಅವನ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಮೂರ್ತಿಯ ಎರಕದ ಕ್ರಮವಿದೆ. ಮೇಣದಲ್ಲಿ ಮೂರ್ತಿ ಮಾಡು, ಮಣ್ಣನ್ನು ಪದರ ಪದರವಾಗಿ ಸವರು, ನೆರಳಲ್ಲಿ ಒಣಗಿಸು, ಕಾಯಿಸಿ ಮೇಣವನ್ನು ಹರಿಯಬಿಡು, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯಿ. ಎಷ್ಟು ಲೋಹ ಬೇಕು? ಮೇಣವನ್ನು ಮೊದಲೇ ತೂಗಿಟ್ಟುಕೊಳ್ಳಬೇಕು. ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು. ಈ ಲೆಕ್ಕವನ್ನು ಇಂದಿನ ಸಾಂದ್ರತೆಯ ಪಟ್ಟಿಯ ಜೊತೆ ಇಟ್ಟು ನೋಡಬಹುದು. ಜೇನುಮೇಣದ ಸಾಂದ್ರತೆ ಸುಮಾರು 0.96, ಬೆಳ್ಳಿಯದು 10.5. ಭಾಗಿಸಿದರೆ ಹನ್ನೊಂದರ ಹತ್ತಿರ ಬರುತ್ತದೆ. ಲೋಹ ಹೊಯ್ಯುವ ಕೊಳವೆಯಲ್ಲಿ ಉಳಿಯುವ ಲೋಹಕ್ಕೆಂದು ಒಂದು ಪಾಲು ಹೆಚ್ಚಿಗೆ ಹಿಡಿದರೆ ಹನ್ನೆರಡು ಸರಿಯಾಗಿಯೇ ಇದೆ. ಶುದ್ಧ ಚಿನ್ನಕ್ಕೆ ಮಾತ್ರ ಹದಿನಾರು ಸಾಲದು, ಇಪ್ಪತ್ತು ಪಟ್ಟು ಬೇಕಾಗುತ್ತದೆ. ಬೆರಕೆ ಇರುವ ಚಿನ್ನಕ್ಕೆ ಹದಿನಾರು ಹೊಂದುತ್ತದೆ.

ಮೇಣದ ಎರಕದಲ್ಲಿ ಅಚ್ಚು ಒಂದೇ ತುಂಡು, ಹಾಗಾಗಿ ಕೂಡಿದ ಏಣು ಇರುವುದಿಲ್ಲ. ಚೀನಾದಲ್ಲಿ ಈ ವಿಧಾನ ಕಾಣಿಸಿಕೊಳ್ಳುವುದು ಬಹಳ ನಂತರ. ಪಶ್ಚಿಮ ಝೌ ಕಾಲದ್ದೆಂದು ಹೇಳಿಕೊಂಡು ಬಂದ ಪಾತ್ರೆಯಲ್ಲಿ ಏಣಿನ ಗುರುತೇ ಇಲ್ಲದೆ, ಮೇಣ ತೊಟ್ಟಿಕ್ಕಿದ ಕಲೆ ಇದ್ದರೆ ಪರೀಕ್ಷಕರ ಹುಬ್ಬು ಗಂಟಾಗುತ್ತದೆ.

ಲೋಹದ ವಯಸ್ಸು

‘ಕಾರ್ಬನ್ ಪರೀಕ್ಷೆ ಮಾಡಿಸಿದರೆ ವಯಸ್ಸು ತಿಳಿಯುತ್ತದಲ್ಲ?’ ಎಂದು ಕೇಳುವವರು ಬಹಳ. ಆ ಪರೀಕ್ಷೆಗೆ ಒಂದು ಕಾಲದಲ್ಲಿ ಜೀವವಿದ್ದ ವಸ್ತು ಬೇಕು: ಇದ್ದಲು, ಮೂಳೆ, ಕಾಳು, ಬಟ್ಟೆ. ಕಂಚಿಗೆ ಜೀವವಿರಲಿಲ್ಲ. ಅದರ ವಯಸ್ಸು ತಿಳಿಯಲು ಅಡ್ಡದಾರಿಗಳನ್ನು ಹಿಡಿಯಬೇಕು.

ಮೊದಲ ದಾರಿ ಹಿಡಿಕೆಯಲ್ಲಿ ಉಳಿದ ಆ ಸುಟ್ಟ ಮಣ್ಣು. ಮಣ್ಣಿನಲ್ಲೂ ಸುತ್ತಲ ನೆಲದಲ್ಲೂ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಅತಿ ಸಣ್ಣ ಪಾಲು ಇದ್ದೇ ಇರುತ್ತದೆ. ಅವು ಹೊಮ್ಮಿಸುವ ವಿಕಿರಣದ ಏಟಿಗೆ ಬೆಣಚುಕಲ್ಲಿನ ಕಣಗಳಲ್ಲಿ ಎಲೆಕ್ಟ್ರಾನುಗಳು ಜಾಗ ತಪ್ಪಿ, ಹರಳಿನ ಕುಂದುಗಳಲ್ಲಿ ಸಿಕ್ಕಿಬೀಳುತ್ತವೆ. ಗುಡಿಯ ಹುಂಡಿಯಲ್ಲಿ ಕಾಸು ಬೀಳುವಂತೆ ಇದು ವರ್ಷಾನುಗಟ್ಟಲೆ ಜಮೆಯಾಗುತ್ತ ಹೋಗುತ್ತದೆ. ಜೋರಾಗಿ ಕಾಯಿಸಿದರೆ ಹುಂಡಿ ಖಾಲಿ. ಎರಕ ಹೊಯ್ದ ದಿನ ಅಚ್ಚಿನ ಮಣ್ಣು ಕೆಂಪಗೆ ಕಾದಾಗ ಹಳೆಯ ಜಮೆ ಅಳಿಸಿಹೋಗಿ ಲೆಕ್ಕ ಸೊನ್ನೆಯಿಂದ ಶುರುವಾಗಿರುತ್ತದೆ. ಇಂದು ಪ್ರಯೋಗಾಲಯದಲ್ಲಿ ಅದನ್ನು ಮತ್ತೆ ಕಾಯಿಸಿದರೆ, ಬಿಡುಗಡೆಯಾದ ಎಲೆಕ್ಟ್ರಾನುಗಳು ಮಸುಕಾದ ಬೆಳಕು ಚೆಲ್ಲುತ್ತವೆ. ಬೆಳಕಿನ ಪ್ರಮಾಣದಿಂದ ವರ್ಷಗಳ ಲೆಕ್ಕ ಸಿಗುತ್ತದೆ. ಇದಕ್ಕೆ ಥರ್ಮೋಲ್ಯೂಮಿನೆಸೆನ್ಸ್ ಎನ್ನುತ್ತಾರೆ. ಇದರ ಫಲಿತಾಂಶ ಒರಟು. ಮೂರು ಸಾವಿರ ವರ್ಷದ್ದೋ ನೂರು ವರ್ಷದ್ದೋ ಎಂದು ಖಚಿತವಾಗಿ ಹೇಳುತ್ತದೆ, ಕ್ರಿ.ಪೂ. 900ರದ್ದೋ 800ರದ್ದೋ ಎಂದರೆ ಕೈಚೆಲ್ಲುತ್ತದೆ. ನಕಲಿಗಾರರೂ ಸುಮ್ಮನಿಲ್ಲ. ಹಳೆಯ ಪಾತ್ರೆಗಳ ತುಂಡುಗಳನ್ನು ಹೊಸದಕ್ಕೆ ಬೆಸೆದು, ಹಳೆಯ ತುಂಡಿನಿಂದಲೇ ಮಾದರಿ ತೆಗೆಯುವಂತೆ ನೋಡಿಕೊಳ್ಳುತ್ತಾರೆ. ಸಿ.ಟಿ. ಸ್ಕ್ಯಾನ್ ಮಾಡಿ ಬೆಸುಗೆ ಹುಡುಕುವುದು ಅದಕ್ಕೆ ಮದ್ದು.

ಎರಡನೆಯ ದಾರಿ ಸೀಸದ್ದು. ಸೀಸದ ಅದಿರಿನ ಜೊತೆ ಒಂದಿಷ್ಟು ಯುರೇನಿಯಂ, ಅದರ ಮಗಳು ರೇಡಿಯಂ ಇರುತ್ತವೆ. ರೇಡಿಯಂ ಒಡೆಯುತ್ತ ಕೊನೆಗೆ ಸೀಸ-210 ಎಂಬ ವಿಕಿರಣಶೀಲ ಸೀಸ ಹುಟ್ಟುತ್ತದೆ. ಅದಿರನ್ನು ಕಾಸಿ ಸೀಸ ತೆಗೆಯುವಾಗ ರೇಡಿಯಂ ಕಿಟ್ಟದಲ್ಲಿ ಹೋಗುತ್ತದೆ, ಸೀಸ-210 ಮಾತ್ರ ಲೋಹದಲ್ಲಿ ಉಳಿಯುತ್ತದೆ. ಪೂರೈಕೆ ನಿಂತದ್ದರಿಂದ ಸುಮಾರು 22 ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತ, ನೂರು-ನೂರಿಪ್ಪತ್ತು ವರ್ಷಕ್ಕೆ ಹೆಚ್ಚುಕಡಿಮೆ ಬರಿದಾಗುತ್ತದೆ. ‘ಮೂರು ಸಾವಿರ ವರ್ಷದ ಪಾತ್ರೆ’ಯಲ್ಲಿ ಸೀಸ-210 ಹೇರಳವಾಗಿ ಸಿಕ್ಕರೆ ಆ ಸೀಸ ಕುಲುಮೆ ಕಂಡದ್ದು ನಮ್ಮ ಅಪ್ಪ-ಅಜ್ಜಂದಿರ ಕಾಲದಲ್ಲಿ. ಭಾರತದ ಪುರಾವಸ್ತು ಕಾಯ್ದೆ ನೂರು ವರ್ಷ ತುಂಬಿದ್ದನ್ನು ಪುರಾವಸ್ತು ಎನ್ನುತ್ತದೆ. ಭೌತವಿಜ್ಞಾನದ ಈ ಗಡಿಯಾರವೂ ಅಲ್ಲಿಗೇ ಬಂದು ನಿಲ್ಲುವುದು ಕಾಕತಾಳೀಯ, ಆದರೆ ಅನುಕೂಲದ ಕಾಕತಾಳೀಯ.

ಸೀಸ ಹೇಳುವ ಊರು

ಸೀಸಕ್ಕೆ ಇನ್ನೊಂದು ಗುಣವಿದೆ: ಅದು ತಾನು ಹುಟ್ಟಿದ ಊರನ್ನು ಹೇಳುತ್ತದೆ. ಅದರಲ್ಲಿ ನಾಲ್ಕು ಸ್ಥಿರ ಐಸೊಟೋಪುಗಳಿವೆ. 204 ಎಂಬುದು ಭೂಮಿ ಹುಟ್ಟಿದಾಗ ಎಷ್ಟಿತ್ತೋ ಇಂದಿಗೂ ಅಷ್ಟೇ ಇದೆ. 206 ಮತ್ತು 207 ಯುರೇನಿಯಂ ಒಡೆದು ಹೆಚ್ಚುತ್ತ ಬಂದವು, 208 ಥೋರಿಯಂ ಒಡೆದು. ಅದಿರು ಗಡ್ಡೆಕಟ್ಟಿ ಯುರೇನಿಯಂನಿಂದ ಬೇರೆಯಾದ ದಿನ ಈ ಏರಿಕೆ ನಿಲ್ಲುತ್ತದೆ, ಅನುಪಾತ ಹೆಪ್ಪುಗಟ್ಟುತ್ತದೆ. 250 ಕೋಟಿ ವರ್ಷಗಳ ಹಿಂದೆ ಗಡ್ಡೆಕಟ್ಟಿದ ಸೀಸದಲ್ಲಿ 206ಕ್ಕೂ 204ಕ್ಕೂ ಇರುವ ಅನುಪಾತ ಸುಮಾರು 14. ಇತ್ತೀಚಿನ ಭೂಯುಗದ ಅದಿರಿನಲ್ಲಿ ಅದು 18.7ರ ಆಸುಪಾಸು.

ಇಲ್ಲಿ ಧಾರವಾಡದ ಹೆಸರು ಬಾರದೆ ಇರದು. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಪುರಾತನ ಪದರುಶಿಲೆಗಳಿಗೆ ಧಾರವಾಡದ ಹೆಸರಿಟ್ಟರು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ದಕ್ಷಿಣ ಭಾರತದ ಈ ಹಳೆಯ ಶಿಲಾಫಲಕವನ್ನು ‘ಧಾರವಾಡ ಕ್ರೇಟಾನ್’ ಎಂದೇ ಕರೆಯುತ್ತಾರೆ. ಅದರ ಬಂಡೆಗಳ ವಯಸ್ಸು 250 ಕೋಟಿಯಿಂದ 340 ಕೋಟಿ ವರ್ಷ. ಚಿತ್ರದುರ್ಗದ ಹತ್ತಿರ ಇಂಗಳಧಾಳದಲ್ಲಿ ತಾಮ್ರದ ಗಣಿ ಇದ್ದದ್ದು ಇದೇ ಫಲಕದ ಪಟ್ಟಿಯಲ್ಲಿ. ಇಷ್ಟು ಹಳೆಯ ಬಂಡೆಯ ಅದಿರಿಗೂ ತೀರ ಎಳೆಯ ಬೆಟ್ಟಸಾಲಿನ ಅದಿರಿಗೂ ಸೀಸದ ಅನುಪಾತ ಒಂದೇ ಆಗಲಾರದು. ಶಾರದಾ ಶ್ರೀನಿವಾಸನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ದಕ್ಷಿಣ ಭಾರತದ ಲೋಹಮೂರ್ತಿಗಳ ಸೀಸವನ್ನೂ ಬೆರಕೆಯ ಧಾತುಗಳನ್ನೂ ಅಳೆದು, ಬೇರೆ ಬೇರೆ ಅರಸು ಮನೆತನಗಳ ಕಾಲದ ಮೂರ್ತಿಗಳನ್ನು ಗುಂಪು ಮಾಡಬಹುದೆಂದು ತೋರಿಸಿದರು. ಶೈಲಿ ನೋಡಿ ಇದು ಇಂಥ ಕಾಲದ್ದೆಂದು ಕಲಾತಜ್ಞರು ಹೇಳಿದ್ದನ್ನು ಲೋಹದಿಂದಲೇ ತಾಳೆ ನೋಡುವ ದಾರಿ ಹೀಗೆ ತೆರೆಯಿತು.

ಚೀನಾದಲ್ಲಿ ಇದೇ ಪರೀಕ್ಷೆ ಒಂದು ದೊಡ್ಡ ಒಗಟನ್ನೇ ಎಬ್ಬಿಸಿತು. 1980ರ ದಶಕದಲ್ಲಿ ಜಿನ್ ಝೆಂಗ್ಯಾವ್ ಎಂಬ ಸಂಶೋಧಕ ಶಾಂಗ್ ಅರಸರ ಕಾಲದ, ಅಂದರೆ ಝೌ ಕಾಲಕ್ಕಿಂತ ಹಿಂದಿನ ಕಂಚುಗಳ ಸೀಸವನ್ನು ಅಳೆದರು. ಹಲವು ಪಾತ್ರೆಗಳಲ್ಲಿ 206-204ರ ಅನುಪಾತ 20ನ್ನೂ ದಾಟಿತ್ತು. ಇಷ್ಟು ಹೆಚ್ಚಿನ ಅನುಪಾತದ ಅದಿರು ಅಪರೂಪ. ಅದು ಯಾವ ಬೆಟ್ಟದಿಂದ ಬಂತೆಂಬ ಬಗ್ಗೆ ಸಂಶೋಧಕರ ಜಗಳ ಇನ್ನೂ ಮುಗಿದಿಲ್ಲ. ನೈಋತ್ಯದ ಯುನ್ನಾನ್ ಎಂಬುದು ಹೆಚ್ಚು ಚರ್ಚೆಗೆ ಬಂದ ಉತ್ತರಗಳಲ್ಲಿ ಒಂದು. ಝೌ ಅರಸರ ಕಾಲದ ಹೊತ್ತಿಗೆ ಈ ಸೀಸ ಹೆಚ್ಚುಕಡಿಮೆ ಕಾಣೆಯಾಗಿರುತ್ತದೆ. ಗಣಿಯ ದಾರಿ ನಡುವೆ ಬದಲಾಯಿತು ಎಂಬ ಸಂಗತಿ ಯಾವ ಚರಿತ್ರೆಯ ಪುಟದಲ್ಲೂ ಇರಲಿಲ್ಲ, ಪಾತ್ರೆಯ ಸೀಸದಲ್ಲಿತ್ತು.

ಹುಣಸೆಹಣ್ಣು ತೊಳೆದದ್ದು

ಇಷ್ಟು ಹೊತ್ತು ಲೋಹದ ಒಳಗಿನ ಮಾತಾಯಿತು. ಈಗ ಮೈಮೇಲಿನ ಕಿಲುಬಿಗೆ ಬರೋಣ. ತಾಮ್ರವು ಗಾಳಿಯ ಜೊತೆ ಸೇರಿ ಮೊದಲು ಕೆಂಪು ಕ್ಯುಪ್ರೈಟ್ ಆಗುತ್ತದೆ. ನೆಲದ ತೇವ ಮತ್ತು ಇಂಗಾಲಾಮ್ಲದ ಜೊತೆ ಸೇರಿ ಹಸಿರು ಮ್ಯಾಲಕೈಟ್, ನೀಲಿ ಅಜುರೈಟ್ ಆಗುತ್ತದೆ. ಶತಮಾನಗಟ್ಟಲೆ ನಡೆದ ಈ ಕೆಲಸದಲ್ಲಿ ಕಿಲುಬು ಹೊರಗೆ ಮಾತ್ರ ಕೂರುವುದಿಲ್ಲ, ಲೋಹದ ಕಣಗಳ ಸಂದಿಯಲ್ಲಿ ಬೇರು ಬಿಟ್ಟು ಒಳಕ್ಕೆ ಇಳಿಯುತ್ತದೆ. ಆಮ್ಲ ಸವರಿ ನಾಲ್ಕು ವಾರದಲ್ಲಿ ಬರಿಸಿದ ಹಸಿರಿಗೆ ಬೇರು ಇರುವುದಿಲ್ಲ; ಎಷ್ಟೋ ಸಲ ಅದು ಬರೀ ಅಂಟಿನಲ್ಲಿ ಕಲಸಿದ ಬಣ್ಣ. ಸೂಕ್ಷ್ಮದರ್ಶಕಕ್ಕೆ ಈ ವ್ಯತ್ಯಾಸ ತಟ್ಟನೆ ಕಾಣುತ್ತದೆ.

ಒಂದು ಬಗೆಯ ಕಿಲುಬು ಮಾತ್ರ ನಿಜಕ್ಕೂ ರೋಗ. ನೆಲದ ಉಪ್ಪಿನಿಂದ ಬಂದ ಕ್ಲೋರೈಡ್ ಕಂಚಿನೊಳಗೆ ಹೊಕ್ಕು ನ್ಯಾಂಟೊಕೈಟ್ ಎಂಬ ಬಿಳಿಚಿದ ಲವಣವಾಗಿ ಅಡಗಿರುತ್ತದೆ. ಪಾತ್ರೆಯನ್ನು ಹೊರತೆಗೆದು ತೇವದ ಗಾಳಿಗೆ ಇಟ್ಟರೆ ಅದು ನೀರು, ಆಮ್ಲಜನಕಗಳ ಜೊತೆ ಸೇರಿ ತಿಳಿಹಸಿರು ಪುಡಿಯಾಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಹುಟ್ಟಿಸುತ್ತದೆ. ಆ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಅದೇ ಲವಣವಾಗುತ್ತದೆ. ಸರಪಳಿ ಕಡಿಯದಿದ್ದರೆ ಪಾತ್ರೆ ಪುಡಿಯಾಗುವವರೆಗೂ ನಡೆಯುತ್ತದೆ. ಅದಕ್ಕೇ ವಸ್ತುಸಂಗ್ರಹಾಲಯಗಳಲ್ಲಿ ಇಂಥ ಕಂಚನ್ನು ಸಾಪೇಕ್ಷ ಆರ್ದ್ರತೆ ಶೇ. 40ಕ್ಕಿಂತ ಕಡಿಮೆ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಗಾಳಿ ಈ ಮಿತಿಯನ್ನು ಎಷ್ಟೋ ದಾಟಿರುತ್ತದೆ. ಬೆಂಜೋಟ್ರಯಜೋಲ್ ಎಂಬ ರಾಸಾಯನಿಕದಿಂದ ತಾಮ್ರದ ಮೈಗೆ ತೆಳು ರಕ್ಷಾಪದರ ಕಟ್ಟಿ ರೋಗವನ್ನು ತಡೆಯುವುದು ಇನ್ನೊಂದು ಉಪಾಯ.

ಮನೆಯಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಹಳೆಯ ಪಾತ್ರೆ ಸಿಕ್ಕಿತೆಂದರೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುತ್ತೇವೆ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನೂ ಕಾರ್ಬೊನೇಟನ್ನೂ ಕರಗಿಸುತ್ತದೆ, ಉಪ್ಪು ಹೊಸ ಕ್ಲೋರೈಡ್ ತುಂಬುತ್ತದೆ. ದಿನ ಬಳಸುವ ಪಾತ್ರೆಗೆ ಇದು ಸರಿ, ಅಡುಗೆಮನೆಗೆ ಬೇಕಾದದ್ದು ಚೊಕ್ಕಟ ಪಾತ್ರೆಯೇ. ಆದರೆ ಬಾವಿಯ ಹೂಳಿನಲ್ಲೋ ಹಿತ್ತಲ ಮಣ್ಣಿನಲ್ಲೋ ಸಿಕ್ಕದ್ದನ್ನು ಹಾಗೆ ತಿಕ್ಕಿದರೆ ಹೊಳಪಿನ ಜೊತೆ ಸಾಕ್ಷಿಯೂ ಬಚ್ಚಲಿಗೆ ಹೋಗುತ್ತದೆ.

ಕೊಳೆ ಸಾಕ್ಷಿ ಹೇಳಿದ ಮೊಕದ್ದಮೆಯೇ ಇದೆ. 1976ರಲ್ಲಿ ತಂಜಾವೂರು ಸೀಮೆಯ ಪತ್ತೂರಿನಲ್ಲಿ ನೆಲ ಅಗೆಯುವಾಗ ಕಂಚಿನ ನಟರಾಜ ಸಿಕ್ಕಿತು. ಕೈಯಿಂದ ಕೈಗೆ ಮಾರಾಟವಾಗುತ್ತ 1982ರಲ್ಲಿ ಲಂಡನ್ನಿನಲ್ಲಿ ಕೆನಡಾದ ಒಂದು ಕಂಪನಿಯ ಪಾಲಾಯಿತು. ಅದು ಪತ್ತೂರಿನ ಮೂರ್ತಿಯೇ ಎಂದು ಲಂಡನ್ನಿನ ನ್ಯಾಯಾಲಯದಲ್ಲಿ ಸಾಧಿಸಬೇಕಾಯಿತು. ಅದೇ ನೆಲದಲ್ಲಿ ಸಿಕ್ಕ ಇತರ ಕಂಚುಗಳ ಮೇಲಿನ ಮಣ್ಣು ಮತ್ತು ಗೆದ್ದಲಿನ ಜಾಡನ್ನು ನಟರಾಜನ ಮೈಮೇಲಿನದರ ಜೊತೆ ತಜ್ಞರು ಹೋಲಿಸಿದ್ದು ಸಾಕ್ಷ್ಯದಲ್ಲಿ ಸೇರಿತ್ತು. 1988ರಲ್ಲಿ ತೀರ್ಪು ಭಾರತದ ಕಡೆಗಾಯಿತು, ಮೇಲ್ಮನವಿಯೂ ಬಿದ್ದು 1991ರಲ್ಲಿ ಮೂರ್ತಿ ಮರಳಿತು. ಯಾರಾದರೂ ಅದನ್ನು ಮೊದಲ ದಿನವೇ ತಿಕ್ಕಿ ತೊಳೆದು ಹೊಳೆಯಿಸಿದ್ದರೆ ವಕೀಲರ ಕೈಯಲ್ಲಿ ಒಂದು ವಾದ ಕಡಿಮೆಯಾಗುತ್ತಿತ್ತು.

ಪತ್ರದ ಎರಡು ಅಲಗು

ಪ್ರಯೋಗಾಲಯ ಇಷ್ಟೆಲ್ಲ ಹೇಳಬಲ್ಲದು. ಹೇಳಲಾರದ್ದು ಒಂದೇ: ಇದು ಯಾರದ್ದು ಎಂಬುದು. ಕ್ಯಾಂಟರ್ಬರಿಯ ಯಿಂಗ್ ಪಾತ್ರೆಯ ಬೆಲೆ ಏರಿಸಿದ್ದು ಸೀಸದ ಅಳತೆಗಿಂತ ಹೆಚ್ಚಾಗಿ ಕಾಗದಪತ್ರ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೀಜಿಂಗಿನ ಹಳೆಯ ಬೇಸಿಗೆ ಅರಮನೆಯನ್ನು ಸೂರೆ ಮಾಡಿತು, ಬಳಿಕ ಬ್ರಿಟಿಷರು ಅದನ್ನು ಸುಟ್ಟರು. ಆಗ ಅಲ್ಲಿದ್ದ ಹ್ಯಾರಿ ಲೂಯಿಸ್ ಇವಾನ್ಸ್ ಎಂಬ ನೌಕಾಸೈನಿಕ ಅಧಿಕಾರಿ ತನಗೆ ಸಿಕ್ಕ ಲೂಟಿಯ ಬಗ್ಗೆ ಮನೆಗೆ ಪತ್ರ ಬರೆದಿದ್ದ. ಪಾತ್ರೆಯ ಜೊತೆ ಆ ಪತ್ರಗಳೂ ವಂಶದಲ್ಲಿ ಉಳಿದು ಬಂದವು. ವಸ್ತು ಅಸಲಿ ಎಂದು ಕೊಳ್ಳುವವರನ್ನು ನಂಬಿಸಿದ ಪತ್ರವೇ ಅದು ಕದ್ದ ಮಾಲು ಎಂದೂ ಸಾರಿತು. ಚೀನಾದ ಸಾಂಸ್ಕೃತಿಕ ಪರಂಪರೆ ಇಲಾಖೆ ಹರಾಜನ್ನು ಬಹಿರಂಗವಾಗಿ ಖಂಡಿಸಿತು. ಕೊಂಡವರು ಪಾತ್ರೆಯನ್ನು ಚೀನಾಕ್ಕೆ ಬಿಟ್ಟುಕೊಟ್ಟರು, 2018ರ ಡಿಸೆಂಬರಿನಲ್ಲಿ ಅದು ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು.

ಕಾಗದ ಸುಳ್ಳೂ ಹೇಳಬಹುದು. ತಮಿಳುನಾಡಿನ ಶ್ರೀಪುರಂತಾನ್ ಗುಡಿಯ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತು, ಜೊತೆಗಿದ್ದ ಖರೀದಿಯ ದಾಖಲೆ ಖೊಟ್ಟಿಯಾಗಿತ್ತು. ಸುಳ್ಳನ್ನು ಬಯಲಿಗೆಳೆದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1994ರಲ್ಲಿ ಗುಡಿಯಲ್ಲೇ ತೆಗೆದಿಟ್ಟಿದ್ದ ಛಾಯಾಚಿತ್ರ. 2014ರ ಸೆಪ್ಟೆಂಬರಿನಲ್ಲಿ ಮೂರ್ತಿ ಭಾರತಕ್ಕೆ ಬಂತು.

ಹಳ್ಳೂರಿನ ಪಾಠ

ನೆಲದ ದಾಖಲೆಯ ಬೆಲೆ ತಿಳಿಯಲು ನಮ್ಮ ಸೀಮೆ ಬಿಟ್ಟು ಹೋಗಬೇಕಿಲ್ಲ. ಯಿಂಗ್ ಪಾತ್ರೆಯ ಹಿಂದಿನ ಆ ಝೌ ಅರಸರು ಪಟ್ಟಕ್ಕೆ ಬಂದ ಕಾಲಕ್ಕೆ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಜನ ಕಬ್ಬಿಣ ಬಳಸಲು ತೊಡಗಿದ್ದರು. 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ, ಈಗ ಹಾವೇರಿ ಜಿಲ್ಲೆಯಲ್ಲಿರುವ ಈ ಊರನ್ನು ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ಮಾಡಿದರು. ಅವರ ವರದಿ 1971ರಲ್ಲಿ ಧಾರವಾಡದಿಂದಲೇ ಪ್ರಕಟವಾಯಿತು. ಕಬ್ಬಿಣ ಸಿಕ್ಕ ಪದರದ ಇದ್ದಲನ್ನು ಕಾರ್ಬನ್ ಪರೀಕ್ಷೆಗೆ ಕಳಿಸಿದಾಗ ಬಂದ ಕಾಲ ಕ್ರಿ.ಪೂ. 1000ದ ಆಸುಪಾಸು. ದಕ್ಷಿಣದಲ್ಲಿ ಕಬ್ಬಿಣ ಇಷ್ಟು ಹಿಂದಿನದೇ ಎಂದು ವಿದ್ವಾಂಸರು ಬೆರಗಾದರು.

ಆ ಕಾಲವನ್ನು ಹೇಳಿದ್ದು ಕಬ್ಬಿಣವಲ್ಲ, ಅದರ ಮಗ್ಗುಲಲ್ಲಿದ್ದ ಇದ್ದಲು. ತುಕ್ಕು ಹಿಡಿದ ಅದೇ ಚೂರುಗಳನ್ನು ಯಾರೋ ಹೊಲದಲ್ಲಿ ಹೆಕ್ಕಿ ಮನೆಗೆ ತಂದಿದ್ದರೆ ಜಗತ್ತಿನ ಯಾವ ಪ್ರಯೋಗಾಲಯವೂ ಅವಕ್ಕೆ ಆ ಸ್ಥಾನ ಕೊಡುತ್ತಿರಲಿಲ್ಲ. ಹರಾಜಿಗೆ ಬರುವ ಹೆಚ್ಚಿನ ಕಂಚುಗಳು ಹೀಗೆ ಮಗ್ಗುಲ ಇದ್ದಲನ್ನು ಕಳೆದುಕೊಂಡು ಬಂದವು. ಸಮಾಧಿಯಲ್ಲಿ ಪಾತ್ರೆಯ ಜೊತೆ ಏನಿತ್ತು, ಯಾವ ದಿಕ್ಕಿಗಿತ್ತು, ಒಳಗೆ ಕಾಳಿತ್ತೋ ಮದ್ಯವಿತ್ತೋ ಎಂಬುದು ಅಗೆದವನ ಗುದ್ದಲಿಗೇ ಮುಗಿದಿರುತ್ತದೆ.

ಧಾರವಾಡಕ್ಕೆ ಈ ಓದಿನ ಪರಂಪರೆ ಹೊಸದಲ್ಲ. ಮುಂಬಯಿ ಸರಕಾರ 1939ರಲ್ಲಿ ಇಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಅದು ಈಗ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದೆ, ಅದರ ವಸ್ತುಸಂಗ್ರಹಾಲಯವೂ ಅಲ್ಲೇ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವಲಯದ ಕಚೇರಿಯೂ ಇದೇ ಊರಿನಲ್ಲಿದೆ. ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1972ರಲ್ಲಿ ಆಗಿ 1976ರ ಏಪ್ರಿಲ್ 5ರಂದು ಜಾರಿಗೆ ಬಂತು. ಅದರ ಪ್ರಕಾರ ಪುರಾವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬುದು ಬೇರೆಯೇ ಕಾನೂನು.

ಕಾನೂನಿಗಿಂತ ಮೊದಲು ಬರುವುದು ಕೆಲವು ನಿಮಿಷಗಳ ಕೆಲಸ. ಅಡಿಪಾಯ ಅಗೆಯುವಾಗ, ಕೆರೆಯ ಹೂಳು ತೆಗೆಯುವಾಗ ಲೋಹದ ವಸ್ತು ಕಂಡರೆ ಎತ್ತುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯ ಇಡಿ. ಎಷ್ಟು ಆಳ, ಮಣ್ಣು ಕಪ್ಪೋ ಕೆಂಪೋ, ಸುತ್ತ ಬೂದಿ, ಮಡಕೆ ಚೂರು, ಮೂಳೆ ಇತ್ತೇ ಎಂದು ಬರೆದಿಡಿ. ತೊಳೆಯಬೇಡಿ, ಬಗ್ಗಿದ್ದನ್ನು ನೆಟ್ಟಗೆ ಮಾಡಬೇಡಿ, ಒಳಗಿನ ಮಣ್ಣನ್ನು ಕೊಡವಬೇಡಿ, ತಿಳಿಸಬೇಕಾದವರಿಗೆ ತಿಳಿಸಿ. ಇವಾನ್ಸ್ ಲೂಟಿ ಮಾಡಿದ 1860ರಲ್ಲಿ ವಿಕಿರಣಶೀಲತೆ ಎಂಬುದೊಂದು ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ, ಬೆಕೆರೆಲ್ ಅದನ್ನು ಕಂಡದ್ದು 1896ರಲ್ಲಿ. ಹಿಡಿಕೆಯೊಳಗಿನ ಮಣ್ಣು ಮುಂದೊಮ್ಮೆ ಲೆಕ್ಕ ಒಪ್ಪಿಸೀತು ಎಂದು ಆ ಕಾಲದವರು ಊಹಿಸುವುದೂ ಸಾಧ್ಯವಿರಲಿಲ್ಲ. ಮುಂದಿನ ಐವತ್ತು ವರ್ಷದಲ್ಲಿ ಇನ್ನೆಂಥ ಪರೀಕ್ಷೆ ಬರುತ್ತದೋ ನಮಗೂ ಗೊತ್ತಿಲ್ಲ. ಯಂತ್ರ ಯಾವಾಗ ಬಂದರೂ ಪರೀಕ್ಷೆ ಮಾಡಬಹುದು, ಆದರೆ ಅಗೆದ ದಿನ ಮಣ್ಣಿನಲ್ಲಿ ಕಂಡದ್ದನ್ನು ಬರೆದಿಡಲು ಆ ದಿನ ಅಲ್ಲಿದ್ದವರಿಗೆ ಮಾತ್ರ ಸಾಧ್ಯ.